ದೂರಿನ ಖಾತೆ ಯಾರ ಕೈಯಲ್ಲಿ?

ಸಂಘ ಸಂಸ್ಥೆಗಳನ್ನು ನಡೆಸಿ ಬಲ್ಲವರಿಗೆ ಒಂದು ಮಾತು ಗೊತ್ತು: ಲೆಕ್ಕದ ಪುಸ್ತಕ ಎಷ್ಟು ಅಂದವಾಗಿದ್ದರೂ ಅದನ್ನು ತಪ್ಪದೆ ಬರೆದಿಡುವವರೊಬ್ಬರು ಬೇಕು. ಕಂಪ್ಯೂಟರ್ ಲೋಕದಲ್ಲಿಯೂ ಈ ಮಾತು ನಿಜವೆಂಬುದಕ್ಕೆ ಪೈಥಾನಿನ ಚರಿತ್ರೆಯಲ್ಲಿ ಒಂದು ಪ್ರಸಂಗವಿದೆ.

ಪೈಥಾನ್ ಎಂಬುದು ಕಂಪ್ಯೂಟರಿಗೆ ಆಜ್ಞೆ ಬರೆಯುವ ಒಂದು ಭಾಷೆ. ನೆದರ್ಲೆಂಡ್ಸಿನ ಗೀಡೊ ವಾನ್ ರೋಸಮ್ 1991ರಲ್ಲಿ ಅದನ್ನು ಹೊರತಂದರು. ಅದರ ಮೂಲಪಾಠ ಎಲ್ಲರಿಗೂ ಮುಕ್ತ. ಯಾರೂ ಓದಬಹುದು, ತಿದ್ದಬಹುದು. ಆದ್ದರಿಂದ ನಾನಾ ದೇಶಗಳಿಂದ ‘ಇಲ್ಲಿ ತಪ್ಪಿದೆ’ ಎಂಬ ದೂರುಗಳು ಬರುತ್ತಲೇ ಇರುತ್ತವೆ. ಒಂದೊಂದು ದೂರಿಗೂ ಸಂಖ್ಯೆ ಕೊಟ್ಟು, ಅದನ್ನು ಯಾರು ನೋಡುತ್ತಿದ್ದಾರೆ, ಸರಿಹೋಯಿತೇ ಇಲ್ಲವೇ ಎಂದು ದಾಖಲಿಸುವ ಸಾಧನವೇ ‘ಇಶ್ಯೂ ಟ್ರ್ಯಾಕರ್’. ನಾವು ದೂರಿನ ಖಾತೆ ಎನ್ನೋಣ.

ಮೊದಲು ಈ ಖಾತೆ ಸೋರ್ಸ್‌ಫೋರ್ಜ್ ಎಂಬ ತಾಣದಲ್ಲಿತ್ತು. ಅದು ಸಾಲದೆಂದು ತೋರಿ, 2006ರಲ್ಲಿ ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ನಿನ ಸಮಿತಿಯೊಂದು ಬೇರೆ ಸಾಧನಗಳನ್ನು ಪರೀಕ್ಷಿಸಿತು. ಕೊನೆಗೆ ಉಳಿದವು ಎರಡು. ಒಂದು ಜಿರಾ: ಆಸ್ಟ್ರೇಲಿಯಾದ ಅಟ್ಲಾಸಿಯನ್ ಕಂಪನಿಯದು, ಮುಕ್ತ ಯೋಜನೆಗಳಿಗೆ ಉಚಿತ, ಆದರೆ ಕಂಪನಿಯ ಸ್ವತ್ತು. ಇನ್ನೊಂದು ರೌಂಡಪ್: ಪೈಥಾನಿನಲ್ಲಿಯೇ ಬರೆದದ್ದು, ಮುಕ್ತವಾದದ್ದು.

ಅಭಿಮಾನ ರೌಂಡಪ್ಪಿನ ಕಡೆಗಿದ್ದರೂ ಸಮಿತಿ ಜಿರಾ ಕಡೆಗೆ ಬೆರಳು ತೋರಿಸಿತು. ಕಾರಣ ಸರಳ. ಜಿರಾವನ್ನು ನೋಡಿಕೊಳ್ಳಲು ಜನ ಸಿದ್ಧರಿದ್ದರು. ರೌಂಡಪ್ಪನ್ನು ನೋಡಿಕೊಳ್ಳುವವರು ಯಾರು? ಆದರೂ ಸಮಿತಿ ಒಂದು ಬಾಗಿಲನ್ನು ತೆರೆದಿಟ್ಟಿತು: ಆರರಿಂದ ಹತ್ತು ಮಂದಿ ಸ್ವಯಂಸೇವಕರು ಹೊಣೆ ಹೊತ್ತರೆ ರೌಂಡಪ್ಪೇ ಆಗಲಿ ಎಂದಿತು. ಮುಕ್ತ ಯೋಜನೆಯೊಂದು ಖಾಸಗಿ ಸಾಧನವನ್ನು ನೆಚ್ಚುವುದು ಹಲವರಿಗೆ ಹಿಡಿಸಿರಲಿಲ್ಲ. ಕರೆಗೆ ಓಗೊಟ್ಟು ಸಾಕಷ್ಟು ಜನ ಮುಂದೆ ಬಂದರು. 2007ರ ಆಗಸ್ಟಿನಲ್ಲಿ ಖಾತೆ ರೌಂಡಪ್ಪಿಗೆ ಬಂತು.

ಕಥೆ ಇಲ್ಲಿಗೇ ಮುಗಿದಿದ್ದರೆ ಆದರ್ಶದ ಜಯವೆಂದು ಚಪ್ಪಾಳೆ ತಟ್ಟಬಹುದಿತ್ತು. ಆದರೆ ಉತ್ಸಾಹ ಬಂದಷ್ಟು ಸುಲಭವಾಗಿ ದುಡಿಮೆ ಉಳಿಯುವುದಿಲ್ಲ. ವರ್ಷಗಳು ಕಳೆದಂತೆ ಖಾತೆಯನ್ನು ನೋಡಿಕೊಳ್ಳುವ ಕೈಗಳು ಕಡಿಮೆಯಾದವು. 2017ರಲ್ಲಿ ಮೂಲಪಾಠವೇ ಗಿಟ್‌ಹಬ್ಬಿಗೆ ಹೋಯಿತು. ಖಾತೆಯೂ ಅಲ್ಲಿಗೇ ಹೋಗಲೆಂದು 2019ರಲ್ಲಿ ತೀರ್ಮಾನವಾಗಿ, 2022ರ ಏಪ್ರಿಲಿನಲ್ಲಿ ಅದು ಜಾರಿಗೆ ಬಂತು. ಗಿಟ್‌ಹಬ್ 2018ರಿಂದ ಮೈಕ್ರೋಸಾಫ್ಟಿನ ಒಡೆತನದಲ್ಲಿದೆ. ಹದಿನೈದು ವರ್ಷಗಳ ಹಿಂದೆ ಬೇಡವೆಂದದ್ದು ಇನ್ನೊಂದು ಹೆಸರಿನಲ್ಲಿ ಮನೆಗೆ ಬಂದಂತಾಯಿತು.

ಹಾಗಾದರೆ 2006ರ ನಿರ್ಧಾರ ತಪ್ಪೇ? ಹಾಗೆನ್ನಲಾಗದು. ಖಾತೆ ತಮ್ಮ ಕೈಯಲ್ಲೇ ಇದ್ದುದರಿಂದ ಹೊರಡುವಾಗ ಹಳೆಯ ದೂರುಗಳನ್ನೆಲ್ಲ ಜೊತೆಗೇ ಒಯ್ಯುವುದು ಅವರಿಗೆ ಸಾಧ್ಯವಾಯಿತು. ಸಾಧನವನ್ನು ಆರಿಸುವವರು ಅದರ ಗುಣಗಳನ್ನು ಎಣಿಸುವುದು ಸಹಜ. ಆದರೆ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು: ನಾಳೆ ಇದನ್ನು ನೋಡಿಕೊಳ್ಳುವವರು ಯಾರು? ನಾಡಿದ್ದು ಬಿಟ್ಟು ಹೊರಡಬೇಕಾದರೆ ನಮ್ಮ ಕಾಗದಪತ್ರಗಳು ನಮ್ಮೊಡನೆ ಬರುತ್ತವೆಯೇ?