ಹೆಸರು ಹೇಳದ 28 ಲಕ್ಷ ಹೆಣ್ಣುಮಕ್ಕಳು

ಪ್ರತಿ ವರ್ಷ ಜನವರಿ 26 ಬಂತು ಅಂದ್ರೆ ನಾವು ಚಾನೆಲ್‌ನವರು ಬೆಳಿಗ್ಗೆಯಿಂದಲೇ ದೆಹಲಿಯ ಪರೇಡ್ ತೋರಿಸೋಕೆ ಶುರು ಮಾಡ್ತೀವಿ. ಸ್ತಬ್ಧಚಿತ್ರ, ವಿಮಾನಗಳ ಹಾರಾಟ, ಸೈನಿಕರ ಹೆಜ್ಜೆ. ನಡುವೆ ಸಂವಿಧಾನದ ಬಗ್ಗೆ ಎರಡು ನಿಮಿಷದ ಒಂದು ಸ್ಟೋರಿ. ಸುಮಾರು ಮೂರು ವರ್ಷಗಳ ಶ್ರಮ, 395 ವಿಧಿಗಳು, 8 ಅನುಸೂಚಿಗಳು, ಅಂಬೇಡ್ಕರ್ ಅವರ ಭಾವಚಿತ್ರ. ಅಲ್ಲಿಗೆ ಮುಗೀತು. ನನಗೆ ಮಾತ್ರ ಯಾವಾಗಲೂ ಕುತೂಹಲ ಇರೋದು ಮಾರನೇ ದಿನದ ಬಗ್ಗೆ. 1950ರ ಜನವರಿ 27. ಅವತ್ತು ಬೆಳಿಗ್ಗೆ ಈ ದೇಶದಲ್ಲಿ ಏನು ಬದಲಾಗಿತ್ತು?

ಕಣ್ಣಿಗೆ ಕಾಣೋ ಹಾಗೆ ಹೆಚ್ಚೇನೂ ಇಲ್ಲ. ಠಾಣೆಯಲ್ಲಿ ಅದೇ ಪೊಲೀಸರು. ಕಚೇರಿಯಲ್ಲಿ ಅದೇ ಗುಮಾಸ್ತರು. ನ್ಯಾಯಾಲಯದಲ್ಲಿ ಬ್ರಿಟಿಷರು 1860ರಲ್ಲಿ ಮಾಡಿಟ್ಟ ಅದೇ ದಂಡ ಸಂಹಿತೆ. ರದ್ದು ಮಾಡೋವರೆಗೂ ಅಥವಾ ತಿದ್ದೋವರೆಗೂ ಹಳೆಯ ಕಾನೂನುಗಳು ಮುಂದುವರಿಯಲಿ ಅಂತ ಸಂವಿಧಾನದ 372ನೇ ವಿಧಿಯೇ ಹೇಳಿತ್ತು. ಹಾಗೆ ಹೇಳದೆ ಬೇರೆ ದಾರಿಯೂ ಇರಲಿಲ್ಲ. ಒಂದೇ ರಾತ್ರಿಯಲ್ಲಿ ಹೊಸ ಪೊಲೀಸರನ್ನು, ಹೊಸ ತಹಶೀಲ್ದಾರರನ್ನು ಎಲ್ಲಿಂದ ತರೋದು?

ಈ ಕಷ್ಟ ಅಂಬೇಡ್ಕರ್ ಅವರಿಗೆ ಚೆನ್ನಾಗಿ ಗೊತ್ತಿತ್ತು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು ಎಚ್ಚರಿಸಿದ್ದು ಇದನ್ನೇ. ಜನವರಿ 26ರಿಂದ ನಾವು ವಿರೋಧಾಭಾಸದ ಬದುಕಿಗೆ ಕಾಲಿಡ್ತಿದ್ದೇವೆ, ರಾಜಕೀಯದಲ್ಲಿ ಸಮಾನತೆ ಇರುತ್ತೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಉಳಿಯುತ್ತೆ ಅನ್ನೋದು ಅವರ ಮಾತಿನ ಸಾರ. ಆ ವಿರೋಧಾಭಾಸ ಕಣ್ಣಿಗೆ ರಾಚೋ ಹಾಗೆ ಎದುರಾದದ್ದು ಎಲ್ಲಿ ಗೊತ್ತಾ? ಮತದಾರರ ಪಟ್ಟಿಯಲ್ಲಿ.

ಬ್ರಿಟಿಷರ ಕಾಲದಲ್ಲಿ ಆಸ್ತಿ, ತೆರಿಗೆ, ವಿದ್ಯೆ ನೋಡಿ ಮತದ ಹಕ್ಕು ಕೊಡ್ತಿದ್ದರು. ಹೊಸ ಸಂವಿಧಾನದ 326ನೇ ವಿಧಿ ಅದನ್ನೆಲ್ಲ ಪಕ್ಕಕ್ಕಿಟ್ಟಿತು. 21 ವರ್ಷ ತುಂಬಿದ ಗಂಡು, ಹೆಣ್ಣು ಎಲ್ಲರಿಗೂ ಮತ. 1951ರ ಜನಗಣತಿಯ ಪ್ರಕಾರ ಆಗ ಅಕ್ಷರ ಬಲ್ಲವರು ನೂರಕ್ಕೆ 18 ಜನ ಮಾತ್ರ. ಅಂಥ ದೇಶದಲ್ಲಿ 17 ಕೋಟಿಗೂ ಹೆಚ್ಚು ಹೆಸರುಗಳನ್ನು ಮನೆಮನೆಗೆ ಹೋಗಿ ಬರೆಯಬೇಕಿತ್ತು.

ಈ ಕೆಲಸ ಶುರುವಾದದ್ದು ಸಂವಿಧಾನ ಇನ್ನೂ ಕರಡು ರೂಪದಲ್ಲಿದ್ದಾಗಲೇ. ಇದರ ಹಿಂದಿದ್ದವರು ನಮ್ಮ ಕರಾವಳಿ ಮೂಲದ ಬೆನಗಲ್ ನರಸಿಂಗ ರಾವ್, ಸಂವಿಧಾನ ಸಭೆಯ ಸಲಹೆಗಾರರು. ಅವರ ಸಚಿವಾಲಯಕ್ಕೆ ಮೊದಲು ಎದುರಾದ ಪ್ರಶ್ನೆ ನಿರಾಶ್ರಿತರದ್ದು. ಒಂದು ಊರಲ್ಲಿ 180 ದಿನ ವಾಸ ಮಾಡಿದವರ ಹೆಸರು ಮಾತ್ರ ಪಟ್ಟಿಗೆ ಸೇರಬೇಕು ಅನ್ನೋದು ನಿಯಮ. ಆದರೆ ದೇಶ ವಿಭಜನೆಯಾಗಿ, ಮನೆ ಬಿಟ್ಟು ಓಡಿ ಬಂದು ಶಿಬಿರದಲ್ಲಿ ಕೂತವನು 180 ದಿನದ ಲೆಕ್ಕ ಎಲ್ಲಿಂದ ಕೊಡ್ತಾನೆ? ಕೊನೆಗೆ, ಇಲ್ಲೇ ನೆಲೆ ನಿಲ್ತೀನಿ ಅಂತ ಒಂದು ಘೋಷಣೆ ಕೊಟ್ಟರೆ ಸಾಕು, ಹೆಸರು ಬರೆದುಕೊಳ್ಳಿ ಅಂತ ತೀರ್ಮಾನವಾಯಿತು. ದಾಖಲೆ ಇಲ್ಲದವನ ಮಾತನ್ನು ಸರ್ಕಾರ ನಂಬಿತು. ನನಗೆ ಇದು ಇವತ್ತಿಗೂ ಆಶ್ಚರ್ಯ ಹುಟ್ಟಿಸುತ್ತೆ.

ಹೆಣ್ಣುಮಕ್ಕಳ ವಿಷಯ ಇನ್ನೂ ಜಟಿಲ. ನಮ್ಮ ಕಡೆ ಗಂಡನ ಹೆಸರು ಹೇಳೋಕೆ ನಾಚಿ, ಒಡಪು ಕಟ್ಟಿ ಹೇಳೋ ಪದ್ಧತಿ ಇದೆ. ಉತ್ತರದ ಹಲವು ಪ್ರಾಂತ್ಯಗಳಲ್ಲಿ ಸಮಸ್ಯೆ ಬೇರೆಯೇ. ಅಲ್ಲಿ ಹೆಣ್ಣು ತನ್ನ ಹೆಸರನ್ನೇ ಪರಗಂಡಸಿಗೆ ಹೇಳುವಂತಿಲ್ಲ. ಪಟ್ಟಿ ಹಿಡಿದು ಬಾಗಿಲಿಗೆ ಬಂದವನಿಗೆ ಸಿಗ್ತಿದ್ದ ಉತ್ತರ ಇಂಥವನ ತಾಯಿ, ಇಂಥವನ ಹೆಂಡತಿ ಅಂತ. ಬರೆಯೋನು ಹಾಗೇ ಬರೆದುಕೊಂಡ. ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ, ಮಧ್ಯ ಭಾರತ, ವಿಂಧ್ಯ ಪ್ರದೇಶಗಳಲ್ಲಿ ಇಂಥ ನಮೂದುಗಳು ರಾಶಿ ಬಿದ್ದವು.

ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಇದನ್ನು ಒಪ್ಪಲಿಲ್ಲ. ಹೆಸರು ಕೊಡಿ, ಇಲ್ಲವಾದರೆ ಪಟ್ಟಿಯಲ್ಲಿ ಜಾಗ ಇಲ್ಲ ಅಂದರು. ಸುಮಾರು 8 ಕೋಟಿ ಮಹಿಳಾ ಮತದಾರರಲ್ಲಿ 28 ಲಕ್ಷದಷ್ಟು ಮಂದಿ ಹೆಸರು ಹೇಳದೆ ಪಟ್ಟಿಯಿಂದ ಹೊರಗುಳಿದರು.

ಸರಿಯೋ ತಪ್ಪೋ? ಸಂವಿಧಾನ ಕೊಟ್ಟ ಹಕ್ಕನ್ನು ಒಬ್ಬ ಅಧಿಕಾರಿ ಕಿತ್ತುಕೊಂಡಂತಾಯಿತಲ್ಲ ಅನ್ನೋದು ಒಂದು ವಾದ. ಆ ಹೆಣ್ಣುಮಗಳ ತಪ್ಪೇನಿತ್ತು? ಪದ್ಧತಿ ಅವಳ ಬಾಯಿ ಕಟ್ಟಿತ್ತು, ಶಿಕ್ಷೆಯೂ ಅವಳಿಗೇ ಆಯಿತು. ಆದರೂ ನಾನು ಸೇನ್ ಅವರ ಪಕ್ಷ. ಇಂಥವನ ಹೆಂಡತಿ ಅಂತ ಸರ್ಕಾರವೇ ಬರೆದುಕೊಂಡಿದ್ದರೆ, ಅವಳಿಗೆ ಸ್ವಂತ ಅಸ್ತಿತ್ವ ಇಲ್ಲ ಅನ್ನೋದಕ್ಕೆ ಮುದ್ರೆ ಒತ್ತಿದ ಹಾಗೆ ಆಗ್ತಿತ್ತು. ಗಂಡ ಸತ್ತರೆ, ಮಗ ಊರು ಬಿಟ್ಟರೆ ಅವಳು ಯಾರು? ಆದರೆ ಆ ಗೆಲುವಿಗೆ ಬೆಲೆ ತೆತ್ತವರು 28 ಲಕ್ಷ ಹೆಂಗಸರು ಅನ್ನೋದನ್ನೂ ಮರೆಯಬಾರದು.

ಇತ್ತ ಇನ್ನೊಂದು ಪರೀಕ್ಷೆ ನ್ಯಾಯಾಲಯಗಳಲ್ಲಿ ನಡೀತಿತ್ತು. ಜನ ಸಂವಿಧಾನದ ಪುಸ್ತಕ ಹಿಡಿದು ಕೋರ್ಟ್ ಮೆಟ್ಟಿಲು ಹತ್ತಿದರು. 1950ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಪತ್ರಿಕೆಗಳ ಮೇಲಿನ ನಿರ್ಬಂಧಗಳನ್ನು ತಳ್ಳಿಹಾಕಿತು. 1951ರ ಮಾರ್ಚ್‌ನಲ್ಲಿ ಪಾಟ್ನಾ ಹೈಕೋರ್ಟ್ ಬಿಹಾರದ ಜಮೀನ್ದಾರಿ ರದ್ದತಿ ಕಾನೂನನ್ನೇ ಹೊಡೆದುಹಾಕಿತು. ಏಪ್ರಿಲ್‌ನಲ್ಲಿ ಮದ್ರಾಸಿನ ಕಾಲೇಜು ಪ್ರವೇಶದ ಜಾತಿವಾರು ಮೀಸಲಾತಿ ಸುಪ್ರೀಂ ಕೋರ್ಟ್‌ನಲ್ಲಿ ಬಿತ್ತು. ಸಮಾನತೆ ಅನ್ನೋ ಒಂದೇ ಮಾತನ್ನು ಹಿಡಿದು ಜಮೀನ್ದಾರನೂ ವಾದಿಸಬಹುದು, ಜಮೀನಿಲ್ಲದವನೂ ವಾದಿಸಬಹುದು ಅಂತ ಆಗ ಅರ್ಥವಾಯಿತು.

ನೆಹರೂ ಸರ್ಕಾರ ಏನು ಮಾಡಿತು? ತಿದ್ದುಪಡಿ ತಂತು. 1951ರ ಜೂನ್ 18ರಂದು ಜಾರಿಗೆ ಬಂದ ಮೊದಲ ತಿದ್ದುಪಡಿ ಹಿಂದುಳಿದವರ ಮೀಸಲಾತಿಗೆ ದಾರಿ ಮಾಡಿತು, 13 ಭೂ ಕಾನೂನುಗಳನ್ನು ಒಂಬತ್ತನೇ ಅನುಸೂಚಿಯಲ್ಲಿ ಇಟ್ಟು ಕಾಪಾಡಿತು, ಜೊತೆಗೇ ಮಾತಿನ ಸ್ವಾತಂತ್ರ್ಯಕ್ಕೆ ಹೊಸ ಬೇಲಿಗಳನ್ನೂ ಹಾಕಿತು. ನೆನಪಿಡಿ, ಆಗಿನ್ನೂ ಮೊದಲ ಸಾರ್ವತ್ರಿಕ ಚುನಾವಣೆಯೇ ನಡೆದಿರಲಿಲ್ಲ. ಬರೆದ ಸಭೆಯೇ ತಾತ್ಕಾಲಿಕ ಸಂಸತ್ತಾಗಿ ಕೂತು, 17 ತಿಂಗಳೊಳಗೆ ತನ್ನ ಬರಹವನ್ನು ತಾನೇ ತಿದ್ದಿತ್ತು. ಶ್ಯಾಮ ಪ್ರಸಾದ್ ಮುಖರ್ಜಿ ಇದನ್ನು ಕಟುವಾಗಿ ವಿರೋಧಿಸಿದರು. ಆ ಜಗಳ ಇವತ್ತಿಗೂ ನಮ್ಮ ಸ್ಟುಡಿಯೋ ಚರ್ಚೆಗಳಲ್ಲಿ ಮುಗಿದಿಲ್ಲ.

ಅಂತೂ 1951ರ ಅಕ್ಟೋಬರ್ 25ರಂದು ಹಿಮಾಚಲದ ಚಿನಿ ಪ್ರದೇಶದಲ್ಲಿ ಮೊದಲ ಮತ ಬಿತ್ತು. ಓದು ಬಾರದವರಿಗಾಗಿ ಜೋಡೆತ್ತು, ಆಲದ ಮರ, ಗುಡಿಸಲು, ದೀಪ ಹೀಗೆ ಚಿಹ್ನೆಗಳು, ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಬೇರೆ ಮತಪೆಟ್ಟಿಗೆ. ಸುಮಾರು ನಾಲ್ಕು ತಿಂಗಳು ಚುನಾವಣೆ ನಡೆದು, ನೂರರಲ್ಲಿ 45ರಷ್ಟು ಜನ ಮತ ಹಾಕಿದರು. ಅಂಬೇಡ್ಕರ್ ಅವರೇ ಉತ್ತರ ಮುಂಬೈನಲ್ಲಿ ಸೋತರು.

ಅದಕ್ಕೂ ಮೊದಲೇ, 1951ರಲ್ಲಿ, ಅವರು ಕಾನೂನು ಮಂತ್ರಿ ಸ್ಥಾನ ಬಿಟ್ಟಿದ್ದರು. ಒಂದು ಮುಖ್ಯ ಕಾರಣ ಹಿಂದೂ ಸಂಹಿತೆ ಮಸೂದೆ. ಹೆಣ್ಣಿಗೆ ಆಸ್ತಿ, ವಿಚ್ಛೇದನದ ಹಕ್ಕು ಕೊಡೋ ಈ ಮಸೂದೆಯ ಮೂಲ ಕರಡು ಮಾಡಿದ ಸಮಿತಿಯ ಅಧ್ಯಕ್ಷರು ಯಾರು? ಅದೇ ಬೆನಗಲ್ ನರಸಿಂಗ ರಾವ್! ಸಂಸತ್ತಿನಲ್ಲಿ ಅದು ಸಿಕ್ಕಿಬಿತ್ತು. ಮತ ಸಿಕ್ಕಿತ್ತು, ಅಪ್ಪನ ಆಸ್ತಿಯಲ್ಲಿ ಪಾಲು ಸಿಗಲಿಲ್ಲ. 1955 ಮತ್ತು 56ರಲ್ಲಿ ತುಂಡು ತುಂಡಾಗಿ ಕಾನೂನು ಬಂತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಸಮನಾದ ಹಕ್ಕು ಮಗಳಿಗೆ ಕರ್ನಾಟಕದಲ್ಲಿ ಬಂದದ್ದು 1994ರಲ್ಲಿ, ಅದೂ ಅವಿವಾಹಿತರಿಗೆ. ಇಡೀ ದೇಶಕ್ಕೆ ಬಂದದ್ದು 2005ರಲ್ಲಿ.

ಅಸ್ಪೃಶ್ಯತೆಯದ್ದೂ ಇದೇ ಕಥೆ. 17ನೇ ವಿಧಿ 1950ರಲ್ಲೇ ಅದನ್ನು ರದ್ದು ಮಾಡಿತು. ಆಚರಿಸಿದವನನ್ನು ಶಿಕ್ಷಿಸೋಕೆ ದೇಶಕ್ಕೆಲ್ಲ ಒಂದು ಕಾಯ್ದೆ ಬರಲು 1955 ಆಗಬೇಕಾಯ್ತು. ಹತ್ತು ವರ್ಷದೊಳಗೆ 14ರ ತನಕದ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣ ಕೊಡಲು ಯತ್ನಿಸಬೇಕು ಅಂತ ಸಂವಿಧಾನ ಹೇಳಿತ್ತು. ಶಿಕ್ಷಣದ ಹಕ್ಕಿನ ಕಾಯ್ದೆ ಜಾರಿಯಾದದ್ದು 2010ರ ಏಪ್ರಿಲ್ 1ರಂದು.

ಹಾಗಾಗಿ ಸಂವಿಧಾನ ಸೋತಿದೆ ಅಂತ ಯಾರಾದರೂ ಹೇಳಿದರೆ ನಾನು ಒಪ್ಪಲ್ಲ. ಅದು ಪರಿಪೂರ್ಣವಾಗಿ ಜಾರಿಯಲ್ಲಿದೆ ಅಂದರೂ ಒಪ್ಪಲ್ಲ. ಬಾಗಿಲು ತಟ್ಟಿ ಹೆಸರು ಕೇಳಿದ ಗುಮಾಸ್ತ, ಹೇಳೋಕೆ ಹಿಂಜರಿದ ಆ ತಾಯಿ, ಇವರಿಬ್ಬರ ನಡುವೆ ಹೊಸ್ತಿಲಲ್ಲಿ ಅದರ ಕೆಲಸ ನಡೆಯುತ್ತೆ. ಮುಂದಿನ ಸಲ ಮತದಾರರ ಪಟ್ಟಿ ಪರಿಷ್ಕರಣೆಗೆ ನಿಮ್ಮ ಮನೆಗೆ ಯಾರಾದರೂ ಬಂದಾಗ, ನಿಮ್ಮ ಮನೆಯ ಹೆಣ್ಣುಮಕ್ಕಳೇ ಮುಂದೆ ಬಂದು ತಮ್ಮ ಹೆಸರು ತಾವೇ ಹೇಳಲಿ.