ಹುಲಿಕೆರೆ ಸೀಮೆಯ ಸೂರು: ಮುಯ್ಯಾಳಿನಿಂದ ಹಕ್ಕುಪತ್ರದವರೆಗೆ

ನಮ್ಮ ಸೀಮೆಯ ಚರಿತ್ರೆ ಬರೆಯಲು ಕೂತವರು ಹೊಯ್ಸಳರಿಂದ ಆರಂಭಿಸುವುದು ವಾಡಿಕೆ. ಹುಲಿಕೆರೆಯ ಕಲ್ಯಾಣಿ, ಅದರ ಮೆಟ್ಟಿಲುಗಳ ನಡುವೆ ಕೂರಿಸಿದ ಪುಟ್ಟ ಗುಡಿಗಳು, ಹತ್ತಿರದ ಹಳೇಬೀಡು, ಆಚೆಯ ಬೇಲೂರು ಎಂದು ಸಾಗುವ ಆ ಕಥೆ ದೊಡ್ಡದೇ, ನಿಜ. ಆದರೆ ಆ ಕಲ್ಲು ಹೊತ್ತವರು, ಕಡೆದವರು, ಅವರಿಗೆ ರಾಗಿ ಬೆಳೆದುಕೊಟ್ಟವರು ಎಂಥ ಸೂರಿನಡಿ ಮಲಗುತ್ತಿದ್ದರು ಎಂಬ ಮಾತು ಅದರಲ್ಲಿ ಅಪರೂಪ. ಈ ಸಂಚಿಕೆಯಲ್ಲಾದರೂ ಬಡವರ ಮನೆಗಳಿಗೆ ನಾಲ್ಕು ಪುಟ ಸಿಗಲಿ.

ಹಿಂದಿನವರ ಮನೆ ಮಣ್ಣಿನ ಗೋಡೆಯದು. ಉಳ್ಳವರಿಗೆ ತೊಟ್ಟಿಮನೆ, ನಾಡಹೆಂಚು; ಇಲ್ಲದವರಿಗೆ ಹುಲ್ಲು ಅಥವಾ ತೆಂಗಿನ ಗರಿಯ ಗುಡಿಸಲು. ಗೋಡೆ ಏಳಿಸುವಾಗ, ಮಾಡು ಹೊದಿಸುವಾಗ ಅಕ್ಕಪಕ್ಕದ ಊರಿನ ನೆಂಟರೂ ನೆರೆಯವರೂ ಮುಯ್ಯಾಳಾಗಿ ಬರುತ್ತಿದ್ದರು. ಮುಂದೆ ಅವರ ಮನೆಯ ಕೆಲಸಕ್ಕೆ ಇವರು ಹೋಗಬೇಕು, ಕೂಲಿಯ ಲೆಕ್ಕವಿಲ್ಲ. ಕೈಯಲ್ಲಿ ಕಾಸಿಲ್ಲದ ಕುಟುಂಬವೂ ಹೀಗೆ ಸೂರು ಕಾಣುತ್ತಿತ್ತು. ಈ ಏರ್ಪಾಡನ್ನು ನಾನು ಹೊಗಳುತ್ತೇನೆ, ಆದರೆ ಪೂರ್ತಿಯಾಗಿ ಅಲ್ಲ. ಮುಯ್ಯಾಳು ಗೋಡೆ ಕಟ್ಟಿಕೊಡುತ್ತಿತ್ತೇ ಹೊರತು ನೆಲ ಕೊಡುತ್ತಿರಲಿಲ್ಲ. ಊರಾಚೆಯ ಕೇರಿಯವರ, ಜೀತದಾಳುಗಳ ಗುಡಿಸಲು ನಿಂತಿದ್ದ ಜಾಗ ಎಷ್ಟೋ ಕಡೆ ಇನ್ನೊಬ್ಬರದು. ಒಡೆಯನ ಮನಸ್ಸು ಮುರಿದರೆ ಗುಡಿಸಲೂ ಮುರಿಯುತ್ತಿತ್ತು.

ಈ ನೆಲದ ಪ್ರಶ್ನೆಗೆ ಸರ್ಕಾರ ಕೈ ಹಾಕಿದ್ದು 1970ರ ದಶಕದಲ್ಲಿ. ದೇವರಾಜ ಅರಸರ ಕಾಲದ 1974ರ ಭೂಸುಧಾರಣೆ ಉಳುವವನಿಗೆ ಭೂಮಿ ಕೊಟ್ಟಿತೆಂದು ಎಲ್ಲರೂ ಬಲ್ಲರು. ಅದೇ ಕಾಲದಲ್ಲಿ ನಿವೇಶನರಹಿತರಿಗೆ ಜಾಗ ಹಂಚಿ ಜನತಾ ಮನೆ ಕಟ್ಟಿಸಿದ್ದನ್ನು ನೆನೆಯುವವರು ಕಡಿಮೆ. 1990ರ ದಶಕದ ಆರಂಭದಲ್ಲಿ ಆಶ್ರಯ ಯೋಜನೆ ಬಂತು. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಹುಟ್ಟಿತು. ಬಳಿಕ ಬಸವ ವಸತಿ, ಅಂಬೇಡ್ಕರ್ ನಿವಾಸ, ಕೇಂದ್ರದ ಆವಾಸ್ ಯೋಜನೆ ಒಂದರ ಹಿಂದೊಂದು ಬಂದವು. ಸರ್ಕಾರಗಳು ಬದಲಾದಂತೆ ಹೆಸರು ಬದಲಾಯಿತು, ಆದರೆ ಜನರ ಬಾಯಲ್ಲಿ ಇಂದಿಗೂ ಅದು ‘ಆಶ್ರಯ ಮನೆ’ಯೇ.

ಈಗ ಮನೆಯೊಂದು ಏಳಬೇಕಾದರೆ ಹಲವು ಕೈ ಕೂಡಬೇಕು. ಫಲಾನುಭವಿಯನ್ನು ಆರಿಸುವುದು ಗ್ರಾಮಸಭೆ, ಹಣ ಬಿಡುವುದು ನಿಗಮ, ಜಾಗ ತೋರಿಸುವುದು ಕಂದಾಯ ಇಲಾಖೆ. ತಳಪಾಯ, ಗೋಡೆ, ಛಾವಣಿ ಎಂದು ಹಂತ ಹಂತವಾಗಿ ಫೋಟೊ ತೆಗೆದಂತೆ ಕಂತು ಬರುತ್ತದೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಗೆ 1.20 ಲಕ್ಷ ರೂಪಾಯಿ. ಅದರ ಜೊತೆಗೆ ಉದ್ಯೋಗ ಖಾತ್ರಿಯಿಂದ 90 ದಿನದ ಕೂಲಿ, ಶೌಚಾಲಯಕ್ಕೆ 12,000 ರೂಪಾಯಿ. ಇಂದಿನ ಸಿಮೆಂಟು, ಕಬ್ಬಿಣ, ಗಾರೆ ಕೆಲಸದವರ ದರದಲ್ಲಿ ಇಷ್ಟಕ್ಕೆ ಮನೆ ಮುಗಿಯುವುದಿಲ್ಲ. ಲಿಂಟಲ್ ಮಟ್ಟಕ್ಕೆ ನಿಂತ ಗೋಡೆಗಳು, ಒಡವೆ ಅಡವಿಟ್ಟು ಹಾಕಿಸಿದ ಮೋಲ್ಡು ನಮ್ಮ ಊರುಗಳ ನಿತ್ಯದ ನೋಟ.

ಇಷ್ಟಾದರೂ ದುಡ್ಡೇ ದೊಡ್ಡ ತೊಡಕೆಂದು ನಾನು ಒಪ್ಪಲಾರೆ. ತೊಡಕಿರುವುದು ನಿವೇಶನದಲ್ಲಿ. ಸ್ವಂತ ಜಾಗವಿಲ್ಲದವನ ಹೆಸರು ಮನೆ ಪಟ್ಟಿಗೆ ಬಂದರೂ ಕಟ್ಟುವುದೆಲ್ಲಿ? ಗ್ರಾಮಠಾಣೆಯೊಳಗಿನ ಜಾಗ ತಲೆಮಾರುಗಳಲ್ಲಿ ಹಂಚಿ ಮುಗಿದಿದೆ; ಒಂದೇ ಅಂಕಣದ ಮನೆಯಲ್ಲಿ ಅಣ್ಣತಮ್ಮಂದಿರು ಗೋಡೆ ಹಾಕಿಕೊಂಡಿದ್ದಾರೆ. ಹಕ್ಕುಪತ್ರವೊಂದು ಸಿಕ್ಕರೆ ಬದುಕು ಎಷ್ಟು ಬದಲಾಗುತ್ತದೆ ಎಂಬುದನ್ನು ತಾಂಡಾ, ಹಟ್ಟಿಗಳ ಜನರನ್ನು ಕೇಳಬೇಕು. ವಾಸಿಸುವವನೇ ಮನೆಯ ಒಡೆಯ ಎಂದು ಕಾಗೋಡು ತಿಮ್ಮಪ್ಪನವರು ಕಂದಾಯ ಸಚಿವರಾಗಿದ್ದಾಗ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ, ದಾಖಲೆಯಿಲ್ಲದ ಇಂಥ ಜನವಸತಿಗಳವರನ್ನು ಕಣ್ಣಮುಂದಿಟ್ಟುಕೊಂಡೇ ಬಂದದ್ದು. ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯಲ್ಲಿ ಹಕ್ಕಿಪಿಕ್ಕಿ ಜನ ನೆಲೆ ನಿಂತಿದ್ದಾರೆ. ಊರೂರು ಅಲೆಯುತ್ತಿದ್ದ ಸಮುದಾಯಕ್ಕೆ ವಿಳಾಸ ಬಂದರೆ ರೇಷನ್ ಕಾರ್ಡ್, ಶಾಲೆ, ಮತದಾನ ಎಲ್ಲವೂ ಅದರ ಹಿಂದೆ ಬರುತ್ತವೆ.

ಹಳೇಬೀಡು, ಬೇಲೂರಿನವರಿಗೆ ಇನ್ನೊಂದು ಬಿಗಿ ಇದೆ. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಮೊದಲ ವಲಯದಲ್ಲಿ ಹೊಸ ಮನೆ ಕಟ್ಟುವಂತಿಲ್ಲ. ಸೋರುವ ಹಳೆಯ ಮನೆಯ ದುರಸ್ತಿಗೂ ಅನುಮತಿ ಬೇಕು. 2023ರ ಸೆಪ್ಟೆಂಬರಿನಲ್ಲಿ ಈ ಎರಡೂ ಊರಿನ ಹೊಯ್ಸಳ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿ ಸೇರಿದವು. ನಮಗೆಲ್ಲ ಹೆಮ್ಮೆ. ಆ ಹೆಮ್ಮೆಯ ಪಾಲು ಇಡೀ ಜಿಲ್ಲೆಗೆ, ಅದರ ಕಷ್ಟದ ಪಾಲು ಮಾತ್ರ ಗುಡಿಯ ಬಗಲಿನ ಬಡವರಿಗೆ ಎಂದರೆ ಅದು ನ್ಯಾಯವಲ್ಲ. ಅವರ ಮಕ್ಕಳಿಗೆ ಜಾಗ ಸಿಗಬೇಕಾದದ್ದು ಸುತ್ತಲ ಹಳ್ಳಿಗಳಲ್ಲಿ. ಒಂದು ಪಂಚಾಯತಿಯ ಗಡಿಯೊಳಗೆ ಈ ಲೆಕ್ಕ ಬಗೆಹರಿಯುವುದೇ ಇಲ್ಲ. ಎರಡು ಮೂರು ಪಂಚಾಯತಿಗಳು ಕೂತು ಒಂದೇ ಬೇಡಿಕೆ ಪಟ್ಟಿ ಮಾಡಿ, ಒಂದೇ ಕಡೆ ಜಾಗ ಗುರುತಿಸಿದರೆ ರಸ್ತೆ, ನೀರು, ದೀಪದ ಖರ್ಚೂ ಹಂಚಿಹೋಗುತ್ತದೆ.

ಕಟ್ಟುವ ಖರ್ಚಿಗೂ ಕೂಡಿ ದುಡಿಯುವ ದಾರಿಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಹಳ್ಳಿಯ ಜನರ ನಡುವೆಯೇ ಕೆಲಸ ಮಾಡಿತು. ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಸ್ಥಳದ ಮಣ್ಣಿಗೆ ತುಸು ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿದ ಇಟ್ಟಿಗೆಯಿಂದ ಗಟ್ಟಿ ಮನೆ ಕಟ್ಟಬಹುದೆಂದು ತೋರಿಸಿಕೊಟ್ಟರು. ಸುಡುವ ಸೌದೆ ಬೇಡ, ದೂರದ ಲಾರಿ ಬಾಡಿಗೆ ಬೇಡ. ಅಂಥ ಒಂದು ಯಂತ್ರ ಒಬ್ಬ ಬಡವನಿಗೆ ಭಾರ. ನಾಲ್ಕು ಊರಿಗೆ ಒಂದಿದ್ದರೆ ಸಾಕು. ಕಡಿಮೆ ಖರ್ಚಿನ ಕಟ್ಟಡಕ್ಕೆಂದೇ ಕೇರಳದ ಕೊಲ್ಲಂನಲ್ಲಿ ಹುಟ್ಟಿದ ನಿರ್ಮಿತಿ ಕೇಂದ್ರದ ಮಾದರಿ ನಮ್ಮ ಜಿಲ್ಲೆಗಳಿಗೂ ಬಂದಿದೆ. ಅದು ಸರ್ಕಾರಿ ಕಟ್ಟಡ ಕಟ್ಟಿದಷ್ಟೇ ಆಸ್ಥೆಯಿಂದ ನಮ್ಮ ಹುಡುಗರಿಗೆ ಗಾರೆ ಕೆಲಸ ಕಲಿಸಲಿ.

ಹುಲಿಕೆರೆಯ, ಸುತ್ತಲ ಊರುಗಳ ಬಂಧುಗಳಲ್ಲಿ ನನ್ನದೊಂದು ಕೋರಿಕೆ. ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ. ಮನೆ ಪಟ್ಟಿಯ ಮಾತೆತ್ತುವ ಮೊದಲು ನಿವೇಶನರಹಿತರ ಪಟ್ಟಿಯನ್ನು ಓದಿಸಿ. ಪಕ್ಕದ ಪಂಚಾಯತಿಯವರನ್ನೂ ಕರೆಸಿ, ಜಂಟಿಯಾಗಿ ಜಾಗ ಕೇಳುವ ಠರಾವು ಬರೆಸಿ, ಅದರ ನಕಲು ಪಡೆದೇ ಮನೆಗೆ ಬನ್ನಿ.