ಬರಕ್ಕೆ ಮೊದಲೇ ಎತ್ತಿಟ್ಟ ಪಾಲು: ಉಮರ್ಗಾ, ನಿಲಂಗಾ, ಉದಗೀರಗಳ ಊರಬೊಕ್ಕಸ

ಮರಾಠವಾಡಾದ ದಕ್ಷಿಣದ ಅಂಚಿನಲ್ಲಿ, ಕಲಬುರಗಿ ಮತ್ತು ಬೀದರ ಜಿಲ್ಲೆಗಳಿಗೆ ತಾಗಿಕೊಂಡಿರುವ ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳಲ್ಲಿ ಊರಿನ ಹಣದ ಲೆಕ್ಕವೆಂದರೆ ಬಹುಮಟ್ಟಿಗೆ ನೀರಿನ ಲೆಕ್ಕ. ಮೇಲೆ ಎರೆಮಣ್ಣು, ಕೆಳಗೆ ದಖ್ಖನ್ನಿನ ಕರಿಕಲ್ಲು; ಆ ಕಲ್ಲಿನ ಬಿರುಕುಗಳಲ್ಲಿ ನಿಂತಷ್ಟೇ ಅಂತರ್ಜಲ. ಮುಂಗಾರು ಕೈಕೊಟ್ಟ ವರ್ಷ ಬಾವಿಗಳು ಬೇಗ ತಳ ಕಾಣುತ್ತವೆ. ಹೀಗಾಗಿ ಮಳೆಯ ಏರುಪೇರಿಗೆಂದು ಹಣ ತೆಗೆದಿಡುವ ರೂಢಿ ಇಲ್ಲಿ ಹಳೆಯದು. ಅದು ಎರಡು ಬಗೆಯಲ್ಲಿ ನಡೆದುಬಂದಿದೆ: ಬರ ಬರುವ ಮೊದಲೇ ಎತ್ತಿಡುವ ಪಾಲು ಒಂದು, ಬಂದ ಮೇಲೆ ಬಿಚ್ಚುವ ಬೊಕ್ಕಸ ಇನ್ನೊಂದು.

ಮೊದಲ ಬಗೆಯ ಸುಳಿವು ಶಾಸನಗಳಲ್ಲಿದೆ. ಈ ಸೀಮೆ ರಾಷ್ಟ್ರಕೂಟರ, ಆಮೇಲೆ ಕಲ್ಯಾಣ ಚಾಲುಕ್ಯರ ಆಳ್ವಿಕೆಯಲ್ಲಿತ್ತು. ರಾಷ್ಟ್ರಕೂಟರು ತಮ್ಮನ್ನು ಲಟ್ಟಲೂರಿನ ಒಡೆಯರೆಂದು ಕರೆದುಕೊಂಡರು. ಆ ಲಟ್ಟಲೂರೇ ಇಂದಿನ ಲಾತೂರು. ಚಾಲುಕ್ಯರ ರಾಜಧಾನಿ ಕಲ್ಯಾಣವು ಉಮರ್ಗಾಕ್ಕೆ ನೆರೆಯ ಊರು. ಲಾತೂರು, ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಗಳಲ್ಲಿ ದೊರೆತ ಕನ್ನಡ ಶಾಸನಗಳು ಆ ಕಾಲದ ಆಡಳಿತದ ಭಾಷೆ ಯಾವುದೆಂದು ಹೇಳುತ್ತವೆ. ಕನ್ನಡ ನಾಡಿನ ಶಾಸನಗಳಲ್ಲಿ ಕೆರೆಯ ಪಾಲನೆಗೆ ಸಂಬಂಧಿಸಿದ ಹಲವು ಹೆಸರುಗಳಿವೆ. ಕೆರೆಯ ನೀರುಣ್ಣುವ ಗದ್ದೆಯಿಂದ ಬಿಟ್ಟ ಪಾಲು ಬಿತ್ತುವಟ್ಟ. ಕೆರೆ ಕಟ್ಟಿಸಿದವರಿಗೆ, ಕಾಪಾಡುವವರಿಗೆ ಕೊಟ್ಟ ಭೂಮಿ ಕಟ್ಟುಕೊಡಗೆ. ಹತ್ತರಲ್ಲಿ ಒಂದು ಪಾಲು ದಶವಂದ. ಹೂಳೆತ್ತುವ, ಏರಿ ಬಲಪಡಿಸುವ ಖರ್ಚಿಗೆ ಪ್ರತಿವರ್ಷ ಯಾರ ಮುಂದೆಯೂ ಕೈಯೊಡ್ಡಬೇಕಾಗದಂತೆ ಈ ಪಾಲುಗಳನ್ನು ಕೆರೆಗೇ ಕಟ್ಟಿಹಾಕಿದ್ದರು.

ಎರಡನೆಯ ಬಗೆಗೆ ಬಹಮನಿ ಕಾಲದ ಉದಾಹರಣೆಯಿದೆ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ದಖ್ಖನ್ನನ್ನು ದುರ್ಗಾದೇವಿ ಬರ ಕಾಡಿತು. ಸುಲ್ತಾನ ಎರಡನೆಯ ಮುಹಮ್ಮದನು ಹತ್ತು ಸಾವಿರ ಎತ್ತುಗಳನ್ನು ಮಾಳವ, ಗುಜರಾತಿಗೆ ಕಳಿಸಿ ಧಾನ್ಯ ತರಿಸಿದನೆಂದು ಇತಿಹಾಸಕಾರ ಫಿರಿಷ್ತಾ ಬರೆದಿದ್ದಾನೆ. ಆ ಧಾನ್ಯ ಜೀವ ಉಳಿಸಿತು. ಆದರೆ ಮುಂದಿನ ಬರಕ್ಕೆ ಅದು ತಡೆಯಾಗಲಿಲ್ಲ.

ನಿಜಾಮರ ಆಳ್ವಿಕೆಯಲ್ಲಿ ಉದಗೀರ, ನಿಲಂಗಾ ಬೀದರ ಜಿಲ್ಲೆಯಲ್ಲಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಭೂಕಂದಾಯದ ರೂಪಾಯಿಗೆ ಒಂದು ಆಣೆಯಂತೆ ಸ್ಥಳೀಯ ಕರ ಬಂತು, ಸ್ಥಳೀಯ ಮಂಡಳಿಗಳು ಹುಟ್ಟಿದವು. ಊರಿನ ಕೆಲಸಕ್ಕೆ ಊರಿನದೇ ನಿಧಿ ಎಂಬ ಆಡಳಿತದ ತಳಪಾಯ ಅದು. ಆದರೂ ಕರವು ಕಂದಾಯಕ್ಕೆ ಅಂಟಿಕೊಂಡಿದ್ದುದರಿಂದ, ಬೆಳೆ ಹೋದ ವರ್ಷ, ಹಣ ಹೆಚ್ಚು ಬೇಕಾದಾಗಲೇ, ನಿಧಿಯೂ ಸೊರಗುತ್ತಿತ್ತು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ ಮೈಸೂರು ರಾಜ್ಯಕ್ಕೆ ಸೇರಿತು. ಅದರ ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. 1982ರಲ್ಲಿ ಉಸ್ಮಾನಾಬಾದನ್ನು ಒಡೆದು ಲಾತೂರು ಜಿಲ್ಲೆ ಮಾಡಿದಾಗ ನಿಲಂಗಾ, ಉದಗೀರ ಲಾತೂರಿಗೆ ಸೇರಿದವು, ಉಮರ್ಗಾ ಉಸ್ಮಾನಾಬಾದಿನಲ್ಲೇ ಉಳಿಯಿತು. ಮಹಾರಾಷ್ಟ್ರದ ನಗರಪರಿಷತ್ತುಗಳಿಗೆ ಆಧಾರವಾದದ್ದು 1965ರ ಕಾಯ್ದೆ. ಮನೆಗೆ ಘರಪಟ್ಟಿ, ನಲ್ಲಿಗೆ ಪಾಣಿಪಟ್ಟಿ, ಊರೊಳಗೆ ಬರುವ ಸರಕಿಗೆ ಜಕಾತಿ ಅವುಗಳ ಆದಾಯವಾಯಿತು.

1972ರ ಭೀಕರ ಬರ ರಾಜ್ಯದ ಹಣಕಾಸಿನ ದಿಕ್ಕನ್ನೇ ಬದಲಿಸಿತು. ಅದರಿಂದ ಬೆಳೆದ ಉದ್ಯೋಗ ಖಾತ್ರಿ ಯೋಜನೆಗೆ 1977ರ ಕಾಯ್ದೆಯ ಬಲ ದೊರೆಯಿತು. ಇದರ ಖರ್ಚಿಗೆಂದೇ 1975ರಲ್ಲಿ ವೃತ್ತಿ ತೆರಿಗೆ ಹಾಕಲಾಯಿತು: ಪಟ್ಟಣದ ನೌಕರನ ಸಂಬಳದ ಪಾಲು ಹಳ್ಳಿಯ ಬದು, ಕೆರೆ, ರಸ್ತೆಗಳಿಗೆ ಹರಿಯಿತು. ಅದೇ ವರ್ಷದ ವೃಕ್ಷ ಸಂರಕ್ಷಣಾ ಕಾಯ್ದೆ ಪಟ್ಟಣಗಳಲ್ಲಿ ವೃಕ್ಷ ಪ್ರಾಧಿಕಾರ ರಚಿಸಿ, ಗಿಡಮರಗಳಿಗಾಗಿಯೇ ಕರ ಎತ್ತಲು ಅವಕಾಶ ಕೊಟ್ಟಿತು. ಬಿತ್ತುವಟ್ಟದ ತತ್ವ ಹೊಸ ಹೆಸರಿನಲ್ಲಿ ಮರಳಿದ್ದು ಈ ಎರಡು ಕರಗಳಲ್ಲಿ.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ಪರಿಸರ ರಕ್ಷಣೆಯನ್ನು ನಗರ ಸಂಸ್ಥೆಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿಯಲ್ಲಿ ಸೇರಿಸಿತು. ಹೊಣೆ ಬೆಳೆಯಿತು, ಸ್ವಂತ ಆದಾಯ ಕುಗ್ಗಿತು: 1999ರಲ್ಲಿ ನಗರಪರಿಷತ್ತುಗಳ ಜಕಾತಿ ರದ್ದಾಗಿ, ಅದರ ಜಾಗಕ್ಕೆ ರಾಜ್ಯದ ಅನುದಾನ ಬಂತು. ನೀರಿನ ಕೊರತೆಗೆ ಜಿಲ್ಲಾಡಳಿತ ವರ್ಷವರ್ಷವೂ ಮಾಡುವ ‘ಟಂಚಾಯಿ ಆರಾಖಡಾ’ ಎಂಬ ಕೊರತೆ ಯೋಜನೆಯೇ ಮುಖ್ಯ ಆಸರೆಯಾಯಿತು. ಟ್ಯಾಂಕರ್ ಓಡಿಸುವುದು, ಖಾಸಗಿ ಬಾವಿ ವಶಕ್ಕೆ ಪಡೆಯುವುದು, ಬೋರ್‌ವೆಲ್ ಕೊರೆಸುವುದು ಅದರಲ್ಲಿ ಬರುವ ಖರ್ಚುಗಳು.

ಈ ದಾರಿಯ ಕೊನೆ ಎಲ್ಲಿ ಎಂಬುದನ್ನು 2016 ತೋರಿಸಿತು. ಲಾತೂರು ನಗರಕ್ಕೆ ನೀರು ಕೊಡುವ ಮಾಂಜರಾ ಅಣೆಕಟ್ಟು ಬರಿದಾಗಿ, ಏಪ್ರಿಲ್ 12ರಂದು ಮಿರಜ್‌ನಿಂದ ನೀರು ಹೊತ್ತ ಮೊದಲ ರೈಲು ಆ ನಗರ ತಲುಪಿತು. ಹತ್ತು ವ್ಯಾಗನ್ನುಗಳಲ್ಲಿ ಸುಮಾರು ಐದು ಲಕ್ಷ ಲೀಟರ್ ನೀರಿತ್ತು. ಬಹಮನಿ ಕಾಲದ ಹತ್ತು ಸಾವಿರ ಎತ್ತುಗಳು ಹಿಡಿದ ದಾರಿಯನ್ನೇ ರೈಲೂ ಹಿಡಿದಿತ್ತು.

ಆಮೇಲಿನ ವರ್ಷಗಳಲ್ಲಿ ಹಣದ ಮೇಲೆ ಷರತ್ತುಗಳು ಬಂದವು. 2020ರ ಅಕ್ಟೋಬರ್ 2ರಂದು ಮಹಾರಾಷ್ಟ್ರ ‘ಮಾಝಿ ವಸುಂಧರಾ’ ಅಭಿಯಾನ ಆರಂಭಿಸಿ, ಭೂಮಿ, ನೀರು, ಗಾಳಿ, ಬೆಂಕಿ, ಆಕಾಶವೆಂಬ ಪಂಚಭೂತಗಳ ಹೆಸರಿನಲ್ಲಿ ಸ್ಥಳೀಯ ಸಂಸ್ಥೆಗಳ ಕೆಲಸಕ್ಕೆ ಅಂಕ ಕೊಡತೊಡಗಿತು. ಹದಿನೈದನೆಯ ಹಣಕಾಸು ಆಯೋಗವು 2021ರಿಂದ 2026ರವರೆಗೆ ಹತ್ತು ಲಕ್ಷಕ್ಕಿಂತ ಕಡಿಮೆ ಜನರಿರುವ ಪಟ್ಟಣಗಳ ಅನುದಾನದಲ್ಲಿ ಶೇ. 30ನ್ನು ಕುಡಿಯುವ ನೀರು, ಮಳೆನೀರು ಕೊಯ್ಲು ಮತ್ತು ನೀರಿನ ಮರುಬಳಕೆಗೆ, ಇನ್ನೊಂದು ಶೇ. 30ನ್ನು ನೈರ್ಮಲ್ಯ ಮತ್ತು ಕಸ ವಿಲೇವಾರಿಗೆ ಮೀಸಲಿಟ್ಟಿತು. 2011ರ ಜನಗಣತಿಯಲ್ಲಿ ಲಕ್ಷ ದಾಟಿದ ಉದಗೀರವೂ, ಅದಕ್ಕಿಂತ ಬಹಳ ಚಿಕ್ಕದಾದ ಉಮರ್ಗಾ, ನಿಲಂಗಾಗಳೂ ಈ ವರ್ಗದವು.

ಇದರ ಮುಂದಿನ ಮೆಟ್ಟಿಲು ಹವಾಮಾನ ಬಜೆಟ್. ಇದನ್ನು ಮೊದಲು ರೂಪಿಸಿದ ನಗರ ನಾರ್ವೆಯ ಓಸ್ಲೊ. 2016ರಲ್ಲಿ ಅದು ಮುಂದಿನ ವರ್ಷದ ಲೆಕ್ಕದೊಳಗೆ ಹಸಿರುಮನೆ ಅನಿಲಗಳ ಮಿತಿಯನ್ನೂ ಹಣದಂತೆಯೇ ಇಲಾಖೆಗಳಿಗೆ ಹಂಚಿತು. ಮುಂಬಯಿ ಮಹಾನಗರಪಾಲಿಕೆ 2024ರ ಜೂನ್‌ನಲ್ಲಿ ತನ್ನ ಮೊದಲ ಹವಾಮಾನ ಬಜೆಟ್ ಪ್ರಕಟಿಸಿತು. ಹವಾಮಾನ ಬಜೆಟ್‌ನಿಂದ ಬೇರೆ ಹಣ ಹುಟ್ಟುವುದಿಲ್ಲ. ಇರುವ ಖರ್ಚಿನ ಪ್ರತಿ ಬಾಬನ್ನೂ ಅದು ಆ ಅನಿಲಗಳನ್ನು ತಗ್ಗಿಸುತ್ತದೆಯೇ, ಬಿಸಿಲು, ಬರ, ನೆರೆಯಿಂದ ಕಾಯುತ್ತದೆಯೇ ಎಂದು ಗುರುತಿಸಿ, ಫಲವನ್ನು ವರ್ಷದ ಕೊನೆಗೆ ಅಳೆಯಲಾಗುತ್ತದೆ.

ಗಡಿಯ ಚಿಕ್ಕ ಪಟ್ಟಣದಲ್ಲಿ ಇಂಥ ಲೆಕ್ಕದ ಬಾಬುಗಳು ಹಳೆಯವೇ: ಬಾವಿಯ ಹೂಳು, ನಲ್ಲಿಯ ಸೋರಿಕೆ, ಪಂಪಿನ ಕರೆಂಟು, ಬೀದಿಯ ನೆರಳು. ಈ ಸೀಮೆಯ ತೇರಣಾ ನದಿ ಮಾಂಜರಾವನ್ನು ಕೂಡುತ್ತದೆ, ಮಾಂಜರಾ ಬೀದರ ಜಿಲ್ಲೆಗೆ ಹರಿಯುತ್ತದೆ. ಆದ್ದರಿಂದ ಇಲ್ಲಿ ಹಳ್ಳದ ನೀರನ್ನು ಶುಚಿಯಾಗಿಡಲು ಬರೆದ ಒಂದು ಬಾಬು 1956ರಲ್ಲಿ ಎಳೆದ ಗಡಿಯ ಆಚೆಗೂ ಸಲ್ಲುತ್ತದೆ.